ಸಿಹಿಸುದ್ದಿಗೆ ಮುಂಚಿನ ವಾರಗಳು

ಗಂಡೋ ಹೆಣ್ಣೋ ಎಂಬುದು ನೆಂಟರಿಷ್ಟರ ಪ್ರಶ್ನೆ. ಹೆತ್ತವಳ ಕಣ್ಣು ಅದಕ್ಕೂ ಮೊದಲು ಬೇರೊಂದನ್ನು ಹುಡುಕುತ್ತದೆ. ದಾದಿ ಸುತ್ತಿ ತಂದ ಬಟ್ಟೆಯನ್ನು ಮೆಲ್ಲನೆ ಬಿಡಿಸಿ, ಕೈಬೆರಳು ಕಾಲ್ಬೆರಳುಗಳನ್ನು ಎಣಿಸಿ, ತುಟಿಯನ್ನೂ ಕಿವಿಯನ್ನೂ ನೋಡಿ, ಬೆನ್ನು ಸವರಿದ ಮೇಲೆಯೇ ಅವಳಿಗೆ ನೆಮ್ಮದಿ. ನೂರು ಹೆರಿಗೆಗಳಲ್ಲಿ ತೊಂಬತ್ತಾರೋ ತೊಂಬತ್ತೇಳೋ ತಾಯಂದಿರಿಗೆ ಈ ನೆಮ್ಮದಿ ದೊರೆಯುತ್ತದೆ. ಉಳಿದ ಮೂರು ನಾಲ್ಕು ಮನೆಗಳ ಕಥೆ ಬೇರೆ.

ಆ ಕಥೆಯನ್ನು ಕಾಣಲು ದಕ್ಷಿಣ ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ಹೊಸೂರು ರಸ್ತೆಯ ಬದಿಯಲ್ಲಿ ನಿಮ್ಹಾನ್ಸ್. ಅದರ ನೆರೆಯಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ. ಬೆನ್ನುಮೂಳೆ ಕೂಡದೆ ಹುಟ್ಟಿದ ಕೂಸು, ಹೃದಯದ ಗೋಡೆಯಲ್ಲಿ ರಂಧ್ರವಿರುವ ಕೂಸು, ಅನ್ನನಾಳ ಮುಚ್ಚಿಕೊಂಡಿರುವ ಕೂಸು, ಇವನ್ನು ಸೆರಗಿನಲ್ಲಿ ಹೊದೆಸಿಕೊಂಡು ರಾಜ್ಯದ ಮೂಲೆಮೂಲೆಗಳಿಂದ ಬಂದವರು ಈ ಕೆಲವೇ ಮೈಲಿಗಳೊಳಗೆ ಚೀಟಿ ಹಿಡಿದು ಕುಳಿತಿರುತ್ತಾರೆ. ಹಳ್ಳಿಯವರಷ್ಟೇ ಎಂದು ಭಾವಿಸಬೇಕಾಗಿಲ್ಲ. ಜಯನಗರದವರೂ ಜೆ.ಪಿ. ನಗರದವರೂ ಆ ಸಾಲಿನಲ್ಲಿ ಉಂಟು.

ಅಲ್ಲಿ ಕುಳಿತ ತಾಯಿಯನ್ನು ಒಳಗೊಳಗೆ ಕೊರೆಯುವ ಪ್ರಶ್ನೆ ಒಂದೇ: ಏನು ಮಾಡಿದ್ದಕ್ಕೆ ಹೀಗಾಯಿತು? ಮನೆಯಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿರುತ್ತದೆ. ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆಯ ಮುಂದೆ ಕುಳಿತಿದ್ದಳು, ಅದಕ್ಕೇ ಕೂಸಿನ ತುಟಿ ಸೀಳಿತು ಎಂದು ಒಬ್ಬರು. ತುಂಬಿದ ಬಸುರಿ ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಅಡ್ಡಾಡಿದಳು ಎಂದು ಇನ್ನೊಬ್ಬರು. ತೌರಿನವರು ಅತ್ತೆಯ ಮನೆಯತ್ತ ಬೆರಳು ತೋರಿಸುತ್ತಾರೆ, ಅತ್ತೆಯ ಮನೆಯವರು ತೌರಿನತ್ತ. ನಡುವೆ ಸಿಕ್ಕಿಕೊಳ್ಳುವವಳು ಮಾತ್ರ ಅವಳೇ.

ವೈದ್ಯರ ಉತ್ತರ ಇಷ್ಟು ಸಲೀಸಲ್ಲ. ಹುಟ್ಟಿನ ಊನಗಳಲ್ಲಿ ಇಂಥದೇ ಕಾರಣವೆಂದು ಹೇಳಲಾಗದವೇ ಹೆಚ್ಚು. ಕೆಲವು ವಂಶವಾಹಿಗಳಿಂದ ಬರುತ್ತವೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆಯುಳ್ಳ ಈ ನಾಡಿನಲ್ಲಿ ಅದೂ ಒಂದು ದೊಡ್ಡ ವಿಷಯವೇ, ಅದಕ್ಕೆ ಬೇರೆ ಲೇಖನವೇ ಬೇಕು. ಕೆಲವು ಗರ್ಭಿಣಿಗೆ ತಗಲಿದ ರುಬೆಲ್ಲಾದಂಥ ಸೋಂಕಿನಿಂದ, ಕೆಲವು ಔಷಧಗಳಿಂದ. ಮೂರ್ಛೆರೋಗಕ್ಕೆ ಕೊಡುವ ವ್ಯಾಲ್‌ಪ್ರೋಯೇಟ್ ಅಂಥದೊಂದು. ಅದನ್ನು ಸೇವಿಸುವ ಹೆಂಗಸು ಮಗುವಿನ ಯೋಚನೆಗೆ ಮುಂಚೆಯೇ ವೈದ್ಯರನ್ನು ಕಾಣಬೇಕು, ಆದರೆ ತಾನಾಗಿಯೇ ಮಾತ್ರೆ ನಿಲ್ಲಿಸಬಾರದು. ಇವೆಲ್ಲದರ ಜೊತೆಗೆ, ಸಾಮಾನ್ಯ ಸಂಸಾರಗಳಲ್ಲಿ ಯಾರೂ ಕಾರಣವೆಂದು ಎಣಿಸದ ಇನ್ನೊಂದುಂಟು. ಅದು ತಾಯಿಯಾಗಲಿರುವವಳ ಮೈತೂಕ, ಅವಳ ರಕ್ತದ ಸಕ್ಕರೆ, ಅವಳ ಊಟದ ಕೊರತೆ. ಮುಂಚಿತವಾಗಿ ಕೈಹಾಕಿ ಸರಿಪಡಿಸಬಹುದಾದ ಕಾರಣಗಳೂ ಇವೇ. ಆದುದರಿಂದಲೇ ಇವುಗಳ ವಿಚಾರ ಮನೆಮನೆಗೂ ತಿಳಿಯಬೇಕಾಗಿದೆ.

ಮುಂಚಿತವಾಗಿ ಎಂದರೆ ಎಷ್ಟು ಮುಂಚಿತವಾಗಿ? ತೊಡಕಿರುವುದೇ ಇಲ್ಲಿ. ಕನ್ನಡ ಮನೆಗಳಲ್ಲಿ ಬಸುರಿಯ ಆರೈಕೆಗೆ ಏನೂ ಕಡಮೆಯಿಲ್ಲ. ಬಯಕೆಯೂಟ ಉಂಟು, ಸೀಮಂತ ಉಂಟು, ಹಸಿರು ಬಳೆ ಉಂಟು, ಪಪಾಯಿ ಬೇಡ ಎಳ್ಳು ಬೇಡ ಎಂಬ ಪಥ್ಯವೂ ಉಂಟು. ಆದರೆ ಇವೆಲ್ಲ ಆರಂಭವಾಗುವುದು ಸುದ್ದಿ ತಿಳಿದ ಮೇಲೆ. ಭ್ರೂಣದ ಗಡಿಯಾರ ಸುದ್ದಿಗಾಗಿ ಕಾಯುವುದಿಲ್ಲ. ಮುಂದೆ ಮಿದುಳೂ ಬೆನ್ನುಹುರಿಯೂ ಆಗಬೇಕಾದ ಹಾಳೆಯಂಥ ಪದರವೊಂದು ದೊನ್ನೆಯ ಎಲೆಯಂತೆ ಅಂಚುಗೂಡಿ ಮಡಿಚಿಕೊಂಡು ಕೊಳವೆಯಾಗುತ್ತದೆ. ಇದಕ್ಕೆ ನರನಾಳವೆಂದು ಹೆಸರು. ಗರ್ಭ ನಿಂತ ದಿನದಿಂದ ಸುಮಾರು ೨೮ ದಿನಗಳೊಳಗೆ ಅದು ಪೂರ್ತಿ ಮುಚ್ಚಿಕೊಳ್ಳಬೇಕು. ಕೆಳಗಿನ ತುದಿ ಮುಚ್ಚದಿದ್ದರೆ ಬೆನ್ನುಹುರಿ ಹೊರಗೆ ತೆರೆದುಕೊಂಡ ಸ್ಪೈನಾ ಬೈಫಿಡಾ. ಮೇಲಿನ ತುದಿ ಮುಚ್ಚದಿದ್ದರೆ ಮಿದುಳೇ ಬೆಳೆಯದ ಕೂಸು, ಅದು ಬದುಕುವುದಿಲ್ಲ. ಹೃದಯವೂ ನಾಲ್ಕನೆಯ ವಾರ ಕಾಣುವ ಮೊದಲೇ ಮಿಡಿಯತೊಡಗುತ್ತದೆ. ಎಂಟನೆಯ ವಾರದ ಹೊತ್ತಿಗೆ ಅದರ ಕೋಣೆಗಳು ಏರ್ಪಟ್ಟಿರುತ್ತವೆ.

ಲೆಕ್ಕ ಹಾಕಿ ನೋಡಬಹುದು. ಮುಟ್ಟು ತಪ್ಪುವ ವೇಳೆಗೆ ಗರ್ಭಕ್ಕೆ ಆಗಲೇ ಎರಡು ವಾರ ಆಗಿರುತ್ತದೆ. ಪ್ರಯಾಣದ ಆಯಾಸವಿರಬಹುದು ಎಂದು ಒಂದು ವಾರ ಸುಮ್ಮನಿದ್ದು, ಔಷಧದ ಅಂಗಡಿಯಿಂದ ಪರೀಕ್ಷೆಯ ಪಟ್ಟಿ ತಂದು, ಗಂಡನಿಗೆ ಹೇಳಿ, ಒಳ್ಳೆಯ ದಿನ ನೋಡಿ ತಾಯಿಗೆ ತಿಳಿಸಿ, ವೈದ್ಯರ ಭೇಟಿಗೆ ಸಮಯ ಪಡೆಯುವಷ್ಟರಲ್ಲಿ ನರನಾಳ ಮುಚ್ಚಿರುತ್ತದೆ, ಇಲ್ಲವೆ ಮುಚ್ಚದೆ ಉಳಿದಿರುತ್ತದೆ. ವೈದ್ಯರು ಬರೆದುಕೊಡುವ ಮೊದಲ ಮಾತ್ರೆ ಆ ಕೆಲಸಕ್ಕೆ ತಡವಾಗಿ ಬಂದ ಅತಿಥಿ.

ಆ ಮಾತ್ರೆಯ ಹಿಂದಿನ ಚರಿತ್ರೆಗೂ ಭಾರತಕ್ಕೂ ಸಂಬಂಧವುಂಟು. ೧೯೨೮ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಸಿಸಿದಳು. ಯೀಸ್ಟಿನಿಂದ ತಯಾರಾದ ಅಗ್ಗದ ಮಾರ್ಮೈಟ್ ತಿನ್ನಿಸಿದರೆ ಅದು ಗುಣವಾಗುತ್ತದೆಂದು ೧೯೩೧ರಲ್ಲಿ ಪ್ರಕಟಿಸಿದಳು. ಅದರಲ್ಲಿದ್ದ ಸತ್ವವನ್ನು ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಸೊಪ್ಪಿನ ಸತ್ವ ಎಂದರೂ ಸರಿಯೇ. ಬೆನ್ನುಹುರಿಗೂ ಇದಕ್ಕೂ ಇರುವ ನಂಟು ಖಚಿತವಾದದ್ದು ಬಹುಕಾಲದ ಮೇಲೆ, ೧೯೯೧ರಲ್ಲಿ. ಒಮ್ಮೆ ಇಂಥ ಊನದ ಮಗುವನ್ನು ಹೊತ್ತಿದ್ದ ತಾಯಂದಿರಿಗೆ ಏಳು ದೇಶಗಳ ೩೩ ಕೇಂದ್ರಗಳಲ್ಲಿ, ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟು ನೋಡಿದರು. ಊನ ಮರುಕಳಿಸುವುದು ನೂರಕ್ಕೆ ೭೨ರಷ್ಟು ತಗ್ಗಿತು.

ಕರ್ನಾಟಕಕ್ಕೆ ಈ ವಿಷಯ ಎಷ್ಟು ಹತ್ತಿರದ್ದೆಂಬುದನ್ನು ಅದಕ್ಕೂ ಮುಂಚೆಯೇ ದಾವಣಗೆರೆಯ ಮಕ್ಕಳ ವೈದ್ಯರು ತೋರಿಸಿದ್ದರು. ಡಾ. ಎಂ. ಎಲ್. ಕುಲಕರ್ಣಿಯವರೂ ಅವರ ಸಹೋದ್ಯೋಗಿಗಳೂ ಅಲ್ಲಿನ ಒಂದರ ಹಿಂದೊಂದು ೩೫೦೦ ಹೆರಿಗೆಗಳನ್ನು ಪರಿಶೀಲಿಸಿ ೧೯೮೯ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನರನಾಳದ ಊನವಿದ್ದ ಕೂಸುಗಳು ೪೦. ಸಾವಿರಕ್ಕೆ ಹನ್ನೊಂದಕ್ಕಿಂತ ಹೆಚ್ಚು! ದಕ್ಷಿಣ ಭಾರತದಲ್ಲಿ ಈ ಊನ ಅಪರೂಪವೆಂಬ ಅಂದಿನ ನಂಬಿಕೆಗೆ ಆ ಎಣಿಕೆ ಎದುರು ನಿಂತಿತು.

ಇನ್ನು ತೂಕದ ವಿಷಯ. ದಕ್ಷಿಣ ಬೆಂಗಳೂರಿನ ಮಧ್ಯಮವರ್ಗದ ಓದುಗರು ಕಿವಿಗೊಡಬೇಕಾದದ್ದು ಹೆಚ್ಚಾಗಿ ಇದಕ್ಕೇ. ಇಲ್ಲಿ ಮೈ ತುಂಬಿಕೊಂಡಿದ್ದರೆ ಸುಖವಾಗಿದ್ದಾಳೆಂದು ಅರ್ಥ. ಬನಶಂಕರಿಯಲ್ಲಿ ಮನೆ, ಬಿ.ಟಿ.ಎಂ. ಬಡಾವಣೆಯಲ್ಲಿ ಕಚೇರಿ ಇರುವ ಒಬ್ಬ ಯುವತಿಯನ್ನು ಎಣಿಸಿಕೊಳ್ಳೋಣ. ಎತ್ತರ ಐದು ಅಡಿ. ಮದುವೆಯ ದಿನ ೪೮ ಕಿಲೋ ತೂಗುತ್ತಿದ್ದವಳು ಎರಡು ವರ್ಷ ಕುರ್ಚಿಯಲ್ಲಿ ಕುಳಿತು, ಗಾಡಿಯಲ್ಲಿ ಹೋಗಿ ಗಾಡಿಯಲ್ಲಿ ಬಂದು, ವಾರಕ್ಕೆರಡು ಸಂಜೆ ಗಾಂಧಿ ಬಜಾರಿನ ಬೋಂಡ ಕಾಫಿ ಸೇವಿಸಿ ೫೮ ಕಿಲೋ ಆಗಿದ್ದಾಳೆ. ಹಬ್ಬಕ್ಕೆ ಬಂದ ದೊಡ್ಡಮ್ಮ, "ಈಗ ನೋಡು, ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀಯ ಕಣೇ" ಎನ್ನುತ್ತಾಳೆ. ಪ್ರೀತಿಯ ಮಾತೇ ಸರಿ. ಆದರೆ ಕಿಲೋಗಳ ತೂಕವನ್ನು ಮೀಟರುಗಳ ಎತ್ತರದಿಂದ ಎರಡು ಸಾರಿ ಭಾಗಿಸಿದರೆ ಬರುವ ಅಂಕ ಅವಳದು ೨೫. ಭಾರತೀಯರಿಗೆ ೨೩ ದಾಟಿದರೆ ಹೆಚ್ಚು ತೂಕ, ೨೫ ಮುಟ್ಟಿದರೆ ಬೊಜ್ಜು ಎಂದು ಈ ದೇಶದ ವೈದ್ಯರು ಗೆರೆ ಎಳೆದಿದ್ದಾರೆ. ಯುರೋಪಿನವರಿಗೆ ಆ ಎರಡನೆಯ ಗೆರೆ ೩೦ರಲ್ಲಿ. ಈ ಜನರ ಮೈಯಲ್ಲಿ ಅಷ್ಟೇ ತೂಕಕ್ಕೆ ಕೊಬ್ಬು ಹೆಚ್ಚು, ಸ್ನಾಯು ಕಡಮೆ; ಅದರಲ್ಲೂ ಹೊಟ್ಟೆಯ ಸುತ್ತ ಹೆಚ್ಚು. ೨೦೧೯ರಿಂದ ೨೦೨೧ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರ ಪೈಕಿ ನೂರಕ್ಕೆ ಸುಮಾರು ಮೂವತ್ತು ಮಂದಿ ೨೫ರ ಅಂಕವನ್ನು ಮುಟ್ಟಿದವರು, ದಾಟಿದವರು.

ಬೊಜ್ಜಿಗೂ ಹುಟ್ಟಿನ ಊನಕ್ಕೂ ಸಂಬಂಧವೇನು? ೧೯೯೬ರಲ್ಲಿ ಬಾಸ್ಟನ್ನಿನ ಸಂಶೋಧಕರು ಕಂಡದ್ದು ಇದು: ತಾಯಿಯ ತೂಕ ಏರಿದಂತೆ ಮಗುವಿಗೆ ನರನಾಳದ ಊನದ ಸಂಭವವೂ ಏರುತ್ತದೆ, ೧೧೦ ಕಿಲೋ ದಾಟಿದವರಲ್ಲಿ ಅದು ಐವತ್ತರ ಆಸುಪಾಸಿನ ತೂಕದವರ ನಾಲ್ಕು ಪಟ್ಟು. ಇನ್ನೂ ಯೋಚಿಸತಕ್ಕದ್ದೆಂದರೆ, ಫೋಲಿಕ್ ಆಮ್ಲದ ವಾಡಿಕೆಯ ಪ್ರಮಾಣ ೭೦ ಕಿಲೋಗಿಂತ ಕಡಮೆ ತೂಕದವರಿಗೆ ರಕ್ಷಣೆ ಕೊಟ್ಟಂತೆ ಹೆಚ್ಚು ತೂಕದವರಿಗೆ ಕೊಡಲಿಲ್ಲ. ಸ್ವೀಡನ್ನಿನಲ್ಲಿ ೨೦೦೧ರಿಂದ ೨೦೧೪ರವರೆಗೆ ಹುಟ್ಟಿದ ಹನ್ನೆರಡು ಲಕ್ಷಕ್ಕೂ ಹೆಚ್ಚು ಮಕ್ಕಳ ಲೆಕ್ಕ ೨೦೧೭ರಲ್ಲಿ ಹೊರಬಂದಿತು. ಹದವಾದ ತೂಕದ ತಾಯಂದಿರಲ್ಲಿ ದೊಡ್ಡ ಊನಗಳು ಸಾವಿರಕ್ಕೆ ೩೪. ತೂಕ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ೩೫, ೩೮, ೪೨. ಅಂಕ ೪೦ ದಾಟಿದವರಲ್ಲಿ ೪೭.

ಈ ಅಂಕೆಗಳನ್ನು ಎರಡು ಬಾರಿ ಓದಬೇಕು. ಏರಿಕೆ ಇದೆ, ಕ್ರಮವಾಗಿ ಇದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅತ್ಯಂತ ಸ್ಥೂಲವಾದ ತಾಯಂದಿರಲ್ಲೂ ಸಾವಿರಕ್ಕೆ ೯೫೩ ಮಕ್ಕಳು ಇಂಥ ಊನವಿಲ್ಲದೆ ಹುಟ್ಟಿದರು. ತೆಳುವಾದ, ಹದವಾದ ಮೈಯ ತಾಯಂದಿರಿಗೂ ೩೪ ಮಂದಿಗೆ ಊನದ ಮಕ್ಕಳು ಹುಟ್ಟಿದರು. ತೂಕದ ಯಂತ್ರ ಯಾರೊಬ್ಬಳ ಮಗುವಿನ ಭವಿಷ್ಯವನ್ನೂ ಹೇಳುವುದಿಲ್ಲ. ನಿನ್ನೆ ಗ್ರಹಣವನ್ನು ತೋರಿಸಿ ಸೊಸೆಯನ್ನು ದೂರಿದವರು ಇಂದು ತೂಕದ ಯಂತ್ರವನ್ನು ತೋರಿಸಿ ದೂರತೊಡಗಿದರೆ ವಿಜ್ಞಾನಕ್ಕೆ ಅದಕ್ಕಿಂತ ಕೆಟ್ಟ ಉಪಯೋಗವಿಲ್ಲ.

ಬೊಜ್ಜು ಯಾವ ದಾರಿಯಿಂದ ಭ್ರೂಣವನ್ನು ತಟ್ಟುತ್ತದೆಂಬ ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ. ಸಂಶಯ ಹೆಚ್ಚಾಗಿ ಸಕ್ಕರೆಯ ಮೇಲೆ. ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಲ್ಲಿ ಊನ ಹೆಚ್ಚೆಂಬುದು ಹಳೆಯ ತಿಳಿವಳಿಕೆ. ಕೋಪನ್‌ಹೇಗನ್ನಿನ ವೈದ್ಯರು ೧೯೬೪ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅದು ಉಳಿದವರ ಮೂರು ಪಟ್ಟು. ಆ ಮೊದಲ ವಾರಗಳಲ್ಲಿ ತಾಯಿಯ ರಕ್ತದಲ್ಲಿ ಸಕ್ಕರೆ ಏರಿದ್ದರೆ ಅದು ಭ್ರೂಣಕ್ಕೂ ಹರಿಯುತ್ತದೆ. ಅಂಗಗಳು ಮೂಡುವ ಸೂಕ್ಷ್ಮ ಕೆಲಸ ಕೆಡುತ್ತದೆ. ಹೃದಯಕ್ಕೂ ನರನಾಳಕ್ಕೂ ಪೆಟ್ಟು ಹೆಚ್ಚು. ಸ್ಥೂಲಕಾಯದವರಲ್ಲಿ ಅನೇಕರಿಗೆ ಸಕ್ಕರೆ ಏರಿರುವುದು ತಿಳಿದೇ ಇರುವುದಿಲ್ಲ. ಬಾಯಾರಿಕೆಯಿಲ್ಲ, ಸುಸ್ತಿಲ್ಲ, ಪರೀಕ್ಷೆ ಮಾಡಿಸುವ ವಯಸ್ಸೂ ಅಲ್ಲ ಎಂದು ಮನೆಯವರ ಎಣಿಕೆ.

ಇಲ್ಲಿ ಮೈಸೂರಿನ ಹೆಂಗಸರ ಕಥೆ ಕಣ್ಣು ತೆರೆಸುವಂತಿದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ೧೯೯೭ರಿಂದ ಗರ್ಭಿಣಿಯರನ್ನು ಪರೀಕ್ಷಿಸಿ, ಅವರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಬಿಡದೆ ಅಭ್ಯಸಿಸಿಕೊಂಡು ಬಂದರು. ಗರ್ಭಕಾಲದಲ್ಲಿ ಸಕ್ಕರೆ ಏರಿದ್ದ ಹೆಂಗಸರನ್ನು ಐದು ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿದಾಗ ನೂರಕ್ಕೆ ೩೭ ಮಂದಿಗೆ ಸಕ್ಕರೆ ಕಾಯಿಲೆ ನೆಲೆಯೂರಿತ್ತು. ಗರ್ಭಕಾಲದಲ್ಲಿ ಸಕ್ಕರೆ ಏರದಿದ್ದವರಲ್ಲಿ ಅದು ನೂರಕ್ಕೆ ೨ ಮಾತ್ರ.

ಐದು ವರ್ಷವೆಂದರೆ ಎರಡನೆಯ ಮಗುವಾಗುವ ಅವಧಿ. ಬನಶಂಕರಿಯ ಆ ಯುವತಿಗೂ ಮೊದಲ ಬಸಿರಿನ ಆರನೆಯ ತಿಂಗಳಲ್ಲಿ ಸಕ್ಕರೆ ಕಂಡಿತೆನ್ನೋಣ. ಆರನೆಯ ತಿಂಗಳಲ್ಲಿ ಮೊದಲಾದ ಸಕ್ಕರೆಯಿಂದ ಅಂಗಗಳಿಗೆ ಊನ ಬರುವುದು ವಿರಳ, ಅವು ಆಗಲೇ ಮೂಡಿಯಾಗಿರುತ್ತವೆ. ಪಥ್ಯ ಮಾಡಿದಳು, ಹೆರಿಗೆ ಸುಖವಾಯಿತು, ಸಕ್ಕರೆ ಇಳಿಯಿತು. ಆರು ವಾರದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಬರೆದಿದ್ದರು. "ಇಳಿದುಹೋಯಿತಲ್ಲ, ಹಸಿಬಾಣಂತಿಗೆ ಇನ್ನೇಕಮ್ಮ ಸೂಜಿ ಚುಚ್ಚಿಸೋದು" ಎಂದು ತಾಯಿ ತಡೆದಳು. ಬಾಣಂತನದ ಅಂಟಿನುಂಡೆ, ತುಪ್ಪದನ್ನ, ಮೂರು ತಿಂಗಳ ಮಂಚ. ಹೊಲದಿಂದ ಬಂದು ಹೊಲಕ್ಕೆ ಹಿಂದಿರುಗುತ್ತಿದ್ದ ಹೆಂಗಸಿಗೆ ಅದು ಜೀವ ಉಳಿಸುವ ಆರೈಕೆಯಾಗಿತ್ತು. ಕುರ್ಚಿಯಿಂದ ಎದ್ದುಬಂದು ಕುರ್ಚಿಗೇ ಹಿಂದಿರುಗುವವಳಿಗೆ ಅದು ಇಳಿಯದ ಏಳೆಂಟು ಕಿಲೋ. ೬೬ ಕಿಲೋದ ಮೈಯಲ್ಲಿ, ಯಾರೂ ಅಳೆಯದ ಸಕ್ಕರೆಯೊಡನೆ, ಎರಡನೆಯ ಗರ್ಭ ನಿಲ್ಲುತ್ತದೆ. ಮೊದಲನೆಯದು ಸರಿಯಾಗಿತ್ತಲ್ಲ ಎಂಬ ಧೈರ್ಯದಿಂದ ಈ ಬಾರಿ ವೈದ್ಯರ ಬಳಿಗೆ ಹೋಗುವುದೂ ಮೂರನೆಯ ತಿಂಗಳಿಗೆ. ಅಪಾಯ ಕುಳಿತಿರುವುದು ಇಂಥ ಎಡೆಯಲ್ಲಿ.

ಮೈಸೂರಿನ ಅಭ್ಯಾಸದಲ್ಲಿ ಇನ್ನೊಂದು ವಿಚಿತ್ರವೂ ಕಂಡಿತು. ಫೋಲೇಟ್ ಕೊರತೆಯಿದ್ದ ಗರ್ಭಿಣಿಯರು ನೂರಕ್ಕೆ ನಾಲ್ವರು ಮಾತ್ರ. ಬಿ-೧೨ ಜೀವಸತ್ವದ ಕೊರತೆಯಿದ್ದವರು ನೂರಕ್ಕೆ ೪೩. ಹಾಗೆ ಕೊರತೆಯಿದ್ದವರೇ ಹೆಚ್ಚು ಬೊಜ್ಜುಳ್ಳವರು. ತುಂಬಿದ ಮೈಯೊಳಗೂ ಹಸಿವಿರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಬಿ-೧೨ ಇಲ್ಲದಿದ್ದರೆ ಫೋಲಿಕ್ ಆಮ್ಲವೂ ತನ್ನ ಕೆಲಸವನ್ನು ಪೂರ್ತಿ ಮಾಡಲಾರದು, ಅವೆರಡೂ ಜೋಡೆತ್ತುಗಳು. ಸೊಪ್ಪಿನಲ್ಲೂ ಬೇಳೆಯಲ್ಲೂ ಕಾಳಿನಲ್ಲೂ ಬಿ-೧೨ ಇಲ್ಲ. ಮೊಟ್ಟೆ, ಮೀನು, ಮಾಂಸಗಳಲ್ಲಿ ಉಂಟು. ಅವನ್ನು ಮುಟ್ಟದ ಮನೆಗಳಿಗೆ ಹಾಲು ಮೊಸರೇ ಗತಿ. ಅಂಥ ಮನೆಗಳು ಜಯನಗರ, ಬಸವನಗುಡಿಗಳಲ್ಲಿ ಬಹಳ. ಅಲ್ಲಿಯೂ ದಪ್ಪವಾಗುವ ಭಯದಿಂದ ಹಾಲುಮೊಸರು ಬಿಟ್ಟು, ಬೆಳಗಿನ ತಿಂಡಿಯನ್ನೂ ಬಿಟ್ಟು, ಮದುವೆಗೆ ಮುಂಚೆ ಸಪೂರವಾಗಲು ಹೆಣಗುವ ಹುಡುಗಿಯರುಂಟು. ಗರ್ಭ ನಿಲ್ಲುವ ಹೊತ್ತಿನಲ್ಲಿ ಉಪವಾಸದಿಂದ ತೂಕ ಇಳಿಸುವುದು ಬೊಜ್ಜಿನಷ್ಟೇ ಅನುಚಿತ. ಇಳಿಸಬೇಕಾದದ್ದನ್ನು ಅದಕ್ಕೆ ಕೆಲವು ತಿಂಗಳ ಮುಂಚೆ, ನಿಧಾನವಾಗಿ, ಉಂಡುಕೊಂಡೇ ಇಳಿಸಬೇಕು. ಲಾಲ್‌ಬಾಗಿನ ಬೆಳಗಿನ ನಡಿಗೆ ನಿವೃತ್ತರಿಗಷ್ಟೇ ಮೀಸಲೆಂದು ಯಾರು ಹೇಳಿದವರು?

ಅಡಿಗೆಮನೆಯ ಒಂದು ಮಾತು. ಫೋಲೇಟು ನೀರಿನಲ್ಲಿ ಕರಗುವಂಥದು, ಕಾವಿಗೆ ಹಾಳಾಗುವಂಥದು. ಸೊಪ್ಪು ಬೇಯಿಸಿ ನೀರು ಬಸಿದು ಚೆಲ್ಲಿದರೆ ಅದರೊಡನೆ ಸತ್ವವೂ ಹೋಗುತ್ತದೆ. ಬಸಿದ ಕಟ್ಟನ್ನೇ ಸಾರು ಮಾಡುವ ಬಸ್ಸಾರು ಕಂಡುಹಿಡಿದ ಅಜ್ಜಿಯರಿಗೆ ರಸಾಯನಶಾಸ್ತ್ರ ತಿಳಿದಿರಲಿಲ್ಲ, ಆದರೆ ಕೈ ತಪ್ಪಲಿಲ್ಲ. ಹಾಗೆಂದು ಬಸ್ಸಾರನ್ನೇ ನಂಬಿ ಕೂಡುವಂತಿಲ್ಲ. ಬೇಕಾದ ಮೊತ್ತ ಊಟವೊಂದರಿಂದಲೇ ದಿನವೂ ಸಿಕ್ಕುವುದು ಕಷ್ಟ. ಅಮೆರಿಕದಲ್ಲಿ ೧೯೯೮ರಿಂದ ಹಿಟ್ಟಿಗೇ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯವಾಯಿತು. ೨೦೨೩ರಲ್ಲಿ ವಿಶ್ವ ಆರೋಗ್ಯ ಸಭೆಯೂ ಆಹಾರಕ್ಕೆ ಹೀಗೆ ಸತ್ವ ಬೆರೆಸುವುದನ್ನು ಹುಟ್ಟಿನ ಊನಗಳ ತಡೆಗೆ ಒಂದು ಉಪಾಯವೆಂದು ನಿರ್ಣಯ ಮಾಡಿತು. ಆದರೆ ಗೋಧಿ ಕೊಂಡು, ಆರಿಸಿ, ಬೀದಿಯ ಗಿರಣಿಯಲ್ಲಿ ಬೀಸಿಸಿ ತರುವ ಅಚ್ಚುಕಟ್ಟಿನ ಸಂಸಾರಕ್ಕೆ ಆ ಹಿಟ್ಟು ತಲುಪುವುದೆಂತು? ಅವರಿಗೆ ಮಾತ್ರೆಯೇ ಸುಲಭದ ದಾರಿ. ದಿನಕ್ಕೆ ೪೦೦ ಮೈಕ್ರೋಗ್ರಾಂ, ಮಗು ಬೇಕೆಂದು ನಿಶ್ಚಯಿಸಿದಂದಿನಿಂದ, ಕಡಮೆಯೆಂದರೆ ಗರ್ಭಕ್ಕೆ ಒಂದು ತಿಂಗಳು ಮುಂಚಿನಿಂದ ಮೂರನೆಯ ತಿಂಗಳು ತುಂಬುವವರೆಗೆ. ಬೆಲೆ ಅತ್ಯಲ್ಪ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದೂ ಇಲ್ಲ. ಹಿಂದೆ ನರನಾಳದ ಊನದ ಮಗುವಾಗಿದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬಹಳ ಬೊಜ್ಜುಳ್ಳವರಿಗೆ ಇದರ ಹತ್ತು ಪಟ್ಟು ಬೇಕಾಗಬಹುದು, ಅದನ್ನು ವೈದ್ಯರೇ ನಿರ್ಧರಿಸಬೇಕು. ಸಕ್ಕರೆ ಕಾಯಿಲೆಯವರಾದರೆ ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ೧ಸಿ ಎಂಬ ಪರೀಕ್ಷೆಯಲ್ಲಿ ಅಂಕ ೬.೫ಕ್ಕಿಂತ ಇಳಿದ ಮೇಲೆ ಗರ್ಭ ನಿಲ್ಲುವುದು ಕ್ಷೇಮ.

ಸ್ಕ್ಯಾನಿಂಗ್ ಇದೆಯಲ್ಲ, ಊನವಿದ್ದರೆ ಕಾಣುತ್ತದೆ ಎಂದು ಧೈರ್ಯ ಹೇಳುವವರುಂಟು. ಹದಿನೆಂಟರಿಂದ ಇಪ್ಪತ್ತನೆಯ ವಾರದಲ್ಲಿ ಮಾಡುವ ಆ ಪರೀಕ್ಷೆ ಬಹು ಉಪಯುಕ್ತವೇ, ತಪ್ಪಿಸಬಾರದು. ಆದರೆ ಅದು ತೋರಿಸುತ್ತದೆಯೇ ಹೊರತು ತಡೆಯುವುದಿಲ್ಲ. ಹೊಟ್ಟೆಯ ಮೇಲೆ ಕೊಬ್ಬು ದಪ್ಪವಾಗಿದ್ದಷ್ಟೂ ಚಿತ್ರ ಮಸುಕು. ಊನದ ಸಂಭವ ಎಲ್ಲಿ ಹೆಚ್ಚೋ ಅಲ್ಲಿಯೇ ಅದು ಕಣ್ಣು ತಪ್ಪಿಸಿಕೊಳ್ಳುವ ಸಂಭವವೂ ಹೆಚ್ಚು.

ಎಲ್ಲ ಎಚ್ಚರಿಕೆ ವಹಿಸಿದ ಮೇಲೂ ಊನದ ಮಗು ಹುಟ್ಟುವುದುಂಟು. ಸೀಳುತುಟಿಯನ್ನು ಇಂದು ಹೊಲಿದು ಸರಿಪಡಿಸುತ್ತಾರೆ. ಹೃದಯದ ರಂಧ್ರ ಎಷ್ಟೋ ಬಾರಿ ತಾನಾಗಿಯೇ ಮುಚ್ಚುತ್ತದೆ, ಇಲ್ಲವೆ ಮುಚ್ಚಿಸುತ್ತಾರೆ. ತೆರೆದ ಬೆನ್ನನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿದರೂ ಕಾಲುಗಳ ಬಲ, ಮೂತ್ರದ ಹಿಡಿತಗಳಿಗಾಗಿ ಮುಂದೆ ವರ್ಷಗಟ್ಟಲೆ ಆಸ್ಪತ್ರೆಗೆ ನಡೆಯಬೇಕಾಗುತ್ತದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳನ್ನು ಗುರುತಿಸಿ ಚಿಕಿತ್ಸೆಗೆ ಕಳುಹಿಸುವ ಏರ್ಪಾಡಿದೆ. ಹಾಗೆ ಮಗುವನ್ನು ಎತ್ತಿಕೊಂಡು ಬಂದ ತಾಯಿಯ ಚೀಟಿಯಲ್ಲಿ ಮಗುವಿನ ಔಷಧಗಳಿರುತ್ತವೆ, ಮುಂದಿನ ಭೇಟಿಯ ದಿನಾಂಕವಿರುತ್ತದೆ. ಅವಳ ಸ್ವಂತ ರಕ್ತದ ಸಕ್ಕರೆ, ಅವಳ ಬಿ-೧೨, ಅವಳ ತೂಕ, ಮುಂದಿನ ಗರ್ಭಕ್ಕೆ ಮುಂಚೆ ಅವಳು ನುಂಗಬೇಕಾದ ಮಾತ್ರೆ, ಇವನ್ನು ಅವಳೇ ಕೇಳಿ ಬರೆಸಿಕೊಳ್ಳಬೇಕಾದೀತು. ಅವಳಿಗೆ ಬಾಯಿ ಬಾರದಿದ್ದರೆ ಜೊತೆಗೆ ಬಂದ ಗಂಡ ಕೇಳಬಹುದು.